ಮೂವರು ಸಿಸ್ಟರುಗಳು, ಒಂದು ಸೀಮೆ ಹಸು

ನಾವು ಆ ಊರಿಗೆ ಹೋದ ದಿನ ಯಾರೂ ನಮ್ಮನ್ನು ಮಾತಾಡಿಸಲಿಲ್ಲ. ಹಾಗೆಂದರೆ ಬೈದರು, ಮುಖ ತಿರುಗಿಸಿದರು ಎಂದಲ್ಲ. ಟೆಂಪೋದಿಂದ ಮಂಚ, ಹೊಲಿಗೆ ಯಂತ್ರ, ಪಾತ್ರೆಯ ಮೂಟೆ ಇಳಿಸುತ್ತಿದ್ದಾಗ ಹೆಂಗಸರು ತಮ್ಮ ತಮ್ಮ ಜಗಲಿಯ ಮೇಲೆ ಬಂದು ನಿಂತು ನೋಡಿದರು. ನಾನು ನಕ್ಕೆ. ಒಬ್ಬಿಬ್ಬರು ನಗಬಹುದೋ ಬಾರದೋ ಎಂಬಂತೆ ಪಕ್ಕದವರ ಮುಖ ನೋಡಿದರು. ಟೆಂಪೋ ಹೊರಟುಹೋದ ಮೇಲೆ ಅವರೂ ಒಳಗೆ ಹೋದರು. ಬಿಳಿ ಸೀರೆ ಉಟ್ಟು, ಕೊರಳಲ್ಲಿ ಶಿಲುಬೆ ಹಾಕಿಕೊಂಡ ನಾವು ಮೂವರು, ಬೀದಿಯಲ್ಲಿ ಸಾಮಾನಿನ ನಡುವೆ ನಿಂತಿದ್ದೆವು.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ವೈಟ್‌ಫೀಲ್ಡ್ ದಾಟಿ, ಟಾರು ರಸ್ತೆ ಬಿಟ್ಟು, ನೀಲಗಿರಿ ತೋಪಿನೊಳಗೆ ನಡೆದು ಹೋದರೆ ಆ ಊರು ಸಿಗುತ್ತಿತ್ತು. ಸುತ್ತ ರಾಗಿ ಹೊಲ, ಅಂಚಿನಲ್ಲಿ ಅವರೆ ಸಾಲು, ಅಲ್ಲಲ್ಲಿ ಹಿಪ್ಪುನೇರಳೆ. ಪಟ್ಟಣದ ದೊಡ್ಡ ಶಾಲೆ, ಆಸ್ಪತ್ರೆಗಳಲ್ಲೇ ಇದ್ದದ್ದು ಸಾಕು, ಹಳ್ಳಿಯ ಜನರ ನಡುವೆ ಅವರಂತೆಯೇ ಬದುಕಬೇಕು ಎಂದು ನಮ್ಮ ಕನ್ಯಾಸ್ತ್ರೀಯರ ಸಭೆಯಲ್ಲಿ ತೀರ್ಮಾನವಾಗಿ ನಮ್ಮನ್ನು ಕಳಿಸಿದ್ದರು. ಮನೆಯ ಯಜಮಾನರು ಬಾಡಿಗೆಗೆ ಕೊಟ್ಟದ್ದು ಮೊದಲು ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಹೆಂಚಿನ ಮನೆ. ಎಷ್ಟು ಸುಣ್ಣ ಬಳಿದರೂ ಮಳೆಗಾಲದಲ್ಲಿ ಗೋಡೆಯಿಂದ ಹುಳದ ವಾಸನೆ ಏಳುತ್ತಿತ್ತು. ದನದ ಮಾಂಸ ಮನೆಯೊಳಗೆ ತರಬಾರದು, ಊರಿನವರಿಗೆ ನಿಮ್ಮ ದೇವರ ವಿಷಯ ಹೇಳಬಾರದು, ಇವೆರಡು ಅವರ ಷರತ್ತು. ಎರಡಕ್ಕೂ ಒಪ್ಪಿದ್ದೆವು.

ನಮ್ಮಲ್ಲಿ ಹಿರಿಯರು ಕೇರಳದವರು. ನರ್ಸಿಂಗ್ ಕಲಿತಿದ್ದರು, ಐವತ್ತು ದಾಟಿತ್ತು. ನಾವು ಅವರನ್ನು ಮದರ್ ಎನ್ನುತ್ತಿದ್ದೆವು. ಎರಡನೆಯವಳು ಕೋಲಾರದ ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದ ತಮಿಳು ಮಾತಿನವಳು. ದೊಡ್ಡ ದನಿ, ದೊಡ್ಡ ನಗು. ಊರಿನವರು ಸ್ವಲ್ಪ ಪರಿಚಯವಾದ ಮೇಲೆ ಅವಳನ್ನು ‘ನಗೋ ಸಿಸ್ಟ್ರು’ ಎಂದೇ ಕರೆದರು. ಮೂರನೆಯವಳು ನಾನು. ಮಂಗಳೂರಿನ ಕಡೆಯ ಕೊಂಕಣಿ ಮನೆಯವಳು, ಆಗ ಇಪ್ಪತ್ತಾರರ ಹತ್ತಿರ. ಕನ್ನಡ ಓದಿ ಬರೆಯಲು ಬರುವವಳು ನಾನೊಬ್ಬಳೇ ಎಂದು ನನ್ನನ್ನು ಆರಿಸಿದ್ದರು. ಆದರೆ ನನ್ನ ಕನ್ನಡ ಆ ಊರಿಗೆ ಆಗಿಬರಲಿಲ್ಲ. ಮೊದಲ ವಾರ ಬೋರ್‌ವೆಲ್ ಹತ್ತಿರ ಕೊಡ ಹಿಡಿದು ನಿಂತು, “ನೀರು ಎಷ್ಟು ಗಂಟೆಗೆ ಬರುತ್ತದೆ?” ಎಂದು ಕೇಳಿದೆ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಬುಕ್ಕಲ್ಲಿರಂಗೆ ಮಾತಾಡ್ತಾರೆ ಕಣಕ್ಕ,” ಎಂದಳು ಒಬ್ಬಳು. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳಲಿಲ್ಲ. ಅದು ಕರೆಂಟಿಗೆ ಬಿಟ್ಟ ವಿಷಯ, ಅವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ಖಾಲಿ ಕೊಡ ಹಿಡಿದು ಮನೆಗೆ ಬಂದು ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಮನೆಯೊಳಗೂ ಮಾತು ಕಡಿಮೆಯೇ. ಮೂವರಿಗೂ ಬರುವ ಭಾಷೆ ಇಂಗ್ಲಿಷ್ ಒಂದೇ, ಅದರಲ್ಲಿ ಪ್ರಾರ್ಥನೆ ಮಾಡಬಹುದು, ಸಾಮಾನಿನ ಲೆಕ್ಕ ಹೇಳಬಹುದು. ಮನಸ್ಸಿನದ್ದು ಹೇಳಲು ಆಗುತ್ತಿರಲಿಲ್ಲ. ಸಂಜೆ ಪ್ರಾರ್ಥನೆ ಆದ ಮೇಲೆ ಮೌನ ಪಾಲಿಸುವ ನಿಯಮ ಬೇರೆ. ಮೊದಲಿದ್ದ ಕನ್ಯಾಮಠದಲ್ಲಿ ನಲವತ್ತು ಜನರ ನಡುವೆ ಆ ಮೌನ ತುಂಬಿದ ಹಾಗಿರುತ್ತಿತ್ತು. ಇಲ್ಲಿ ಮೂವರ ಮೌನದೊಳಗೆ ಆಚೆ ಮನೆಯ ಎಮ್ಮೆ ಮೆಲುಕು ಹಾಕುವುದೂ ಕೇಳುತ್ತಿತ್ತು.

ಮದರ್ ಜಗಲಿಯ ಮೇಲೆ ಮೇಜು ಹಾಕಿ ಗಾಯಕ್ಕೆ ಔಷಧಿ, ಜ್ವರಕ್ಕೆ ಮಾತ್ರೆ ಕೊಡತೊಡಗಿದರು. ಅವರ ಹತ್ತಿರ ಜನ ಬಂದರು, ಏಕೆಂದರೆ ಗಾಯಕ್ಕೆ ಭಾಷೆ ಬೇಕಿಲ್ಲ. ನಗುವ ಸಿಸ್ಟರ್ ಯಜಮಾನರ ಹಳೆಯ ಕಣಜದ ಕೋಣೆಯಲ್ಲಿ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು ಶಿಶುವಿಹಾರ ಶುರು ಮಾಡಿದಳು. ಅವಳ ಕನ್ನಡ ತಪ್ಪು ತಪ್ಪಾಗಿದ್ದರೂ ಜನಕ್ಕೆ ಇಷ್ಟವಾಗುತ್ತಿತ್ತು. “ಏನಕ್ಕಾ, ಇವತ್ತು ಏನು ಸಾರು? ನಮಗಿಲ್ವಾ?” ಎಂದು ಬೀದಿಯಲ್ಲೇ ಕೇಳಿಬಿಡುತ್ತಿದ್ದಳು. ನಾನು ಹುಡುಗಿಯರಿಗೆ ಹೊಲಿಗೆ ಹೇಳಿಕೊಡಬೇಕಿತ್ತು. ಆದರೆ ಹುಡುಗಿಯರು ಬರಲಿಲ್ಲ. ಬೊಮ್ಮನಹಳ್ಳಿಯ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ಊರಲ್ಲಿ ಏನೇನೋ ಮಾತಿತ್ತು, ಹೊಲಿಗೆ ಕಲಿತರೆ ತಮ್ಮ ಮಕ್ಕಳೂ ಅಲ್ಲಿಗೇ ಹೋಗುತ್ತಾರೆ ಎಂದು ತಾಯಂದಿರಿಗೆ ಹೆದರಿಕೆ. ಯಂತ್ರಗಳಿಗೆ ಬಟ್ಟೆ ಹೊದಿಸಿ, ದಿನಾ ಧೂಳು ಒರೆಸಿ, ಮತ್ತೆ ಹೊದಿಸುತ್ತಿದ್ದೆ.

ಮದರ್ ಇದನ್ನೆಲ್ಲ ನೋಡುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಮನೆಯ ಯಜಮಾನರು ಒಂದು ಸೀಮೆ ಹಸುವನ್ನು ಹಗ್ಗ ಹಿಡಿದು ತಂದು ನಮ್ಮ ಹಿತ್ತಲಲ್ಲಿ ಕಟ್ಟಿದರು.

“ನಿನ್ನ ಕೈಗೆ ಕೆಲಸ ಬೇಕು,” ಎಂದರು ಮದರ್. “ಇಲ್ಲಿ ಎಲ್ಲರ ಮನೆಯಲ್ಲೂ ಹಸು ಇದೆ. ನಮ್ಮಲ್ಲೂ ಇರಲಿ.”

ನನ್ನಪ್ಪ ಮೀನು ಮಾರುಕಟ್ಟೆಯಲ್ಲಿ ಗುಮಾಸ್ತ. ನಾನು ಹಸುವಿನ ಮೈ ಮುಟ್ಟಿದವಳೇ ಅಲ್ಲ. ಮೊದಲ ದಿನ ಚೊಂಬು ಹಿಡಿದು ಕೂತ ಕೂಡಲೇ ಅದು ಹಿಂದಕ್ಕೆ ಜಗ್ಗಿ ಕಾಲು ಝಾಡಿಸಿತು. ಚೊಂಬು ಒಂದು ಕಡೆ, ನಾನು ಸಗಣಿಯಲ್ಲಿ. ಬೇಲಿಯಾಚೆಯಿಂದ ಯಾರೋ ಗಟ್ಟಿಯಾಗಿ ನಕ್ಕರು. ಪಕ್ಕದ ಮನೆಯ ಹೆಂಗಸು. ಐವತ್ತರ ಆಸುಪಾಸಿನ ಗೌಡರ ಮನೆಯವರು, ಹಣೆಯಲ್ಲಿ ಕಾಸಿನಗಲ ಕುಂಕುಮ. ಅಷ್ಟು ತಿಂಗಳು ಪಕ್ಕದಲ್ಲೇ ಇದ್ದರೂ ನನ್ನ ಜೊತೆ ಒಂದು ಮಾತು ಆಡಿರಲಿಲ್ಲ.

“ಅಯ್ಯೋ ಸಿಸ್ಟ್ರಮ್ಮ, ಅದು ನಿಮ್ ಬಟ್ಟೆ ಕಂಡು ಬೆದರ್ತೈತೆ,” ಎಂದರು. “ಬೆಳ್ಳಗೆ ಪಟಪಟ ಅಂತ ಆರಾಡ್ತಾ ಬಂದ್ರೆ ಯಾವ ಅಸ ನಿಂತ್ಕತದೆ? ಇರಿ ಒಂದ್ನಿಮ್ಸ.”

ಒಳಗೆ ಹೋಗಿ ತಮ್ಮದೊಂದು ಹಳೆಯ ಹೂವಿನ ಸೀರೆ ತಂದು ಬೇಲಿಯ ಮೇಲಿಂದ ಚಾಚಿದರು. ಹಸಿರು ನೆಲದ ಮೇಲೆ ಕೆಂಪು ಹೂವು. ನಾನು ಅದನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತೆ. ವ್ರತ ತೆಗೆದುಕೊಂಡ ಮೇಲೆ ಬಣ್ಣದ ಬಟ್ಟೆ ಮೈಗೆ ಹಾಕಿರಲಿಲ್ಲ.

“ಸುತ್ಕಳಿ ಮೇಲೆ. ಯಾರ್ ನೋಡ್ತಾರೆ?”

ಸುತ್ತಿಕೊಂಡೆ. ಅವರು ಬೇಲಿ ದಾಟಿ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ನನ್ನ ಬೆರಳುಗಳ ಮೇಲೆ ತಮ್ಮ ಬೆರಳು ಇಟ್ಟು, ಹೇಗೆ ಹಿಡಿಯಬೇಕು, ಎಲ್ಲಿ ಬಿಗಿಮಾಡಿ ಎಲ್ಲಿ ಸಡಿಲಿಸಬೇಕು ಎಂದು ತೋರಿಸಿದರು. ನನ್ನನ್ನು ಇನ್ನೊಬ್ಬರು ಮುಟ್ಟಿ ಬಹಳ ಕಾಲವಾಗಿತ್ತು. ಅದು ನನಗೆ ಹೊಳೆದದ್ದು ಆ ಒರಟು ಕೈ ತಾಕಿದಾಗಲೇ. ಅದೇ ಹೊತ್ತಿಗೆ ಮದರ್ ಹಿತ್ತಲಿಗೆ ಬಂದರು. ಬಿಳಿ ಸೀರೆಯ ಮೇಲೆ ಹೂವಿನ ಸೀರೆ ಸುತ್ತಿಕೊಂಡ ನನ್ನನ್ನು ನೋಡಿದರು. ನಾನು ಮೇಲಿನ ಸೀರೆ ತೆಗೆಯಲು ಹೋದೆ. ಅವರು ಹಾಗೇ ಒಳಗೆ ಹೋದರು. ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೊರಟಾಗ ಮಾತ್ರ, “ಸೆರಗು ಸರಿಯಾಗಿ ಸಿಕ್ಕಿಸಿಕೋ, ಕಾಲಿಗೆ ತೊಡರುತ್ತದೆ,” ಎಂದರು.

ಹಾಲು ಕರೆದರೆ ಡೇರಿಗೆ ಹಾಕಬೇಕು. ಬೆಳಿಗ್ಗೆ ಸಂಜೆ ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಆ ಸಾಲಿನಲ್ಲಿ ನನಗೊಂದು ಜಾಗ ಸಿಕ್ಕಿತು. ಅಲ್ಲಿ ಮಾತು ತಾನಾಗಿ ಬರುತ್ತಿತ್ತು.

“ನಿಮ್ಗೆ ಮದ್ವೆ ಯಾಕ್ ಮಾಡ್ಲಿಲ್ಲ?” ಎಂದು ಒಂದು ಸಂಜೆ ಒಬ್ಬಾಕೆ ನೇರವಾಗಿ ಕೇಳಿದಳು.

“ನಾನೇ ಬೇಡ ಅಂದೆ. ದೇವರ ಕೆಲಸಕ್ಕೆ ಬಂದೆ.”

“ತವರು ಮನೆಗೆ ಓಗಂಗಿಲ್ವಾ?”

“ಹೋಗಬಹುದು. ಮೂರು ವರ್ಷಕ್ಕೆ ಒಂದು ಸಲ.”

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಪಕ್ಕದ ಮನೆಯ ಅಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು. “ಮೂರು ವರ್ಸಕ್ಕಾ! ಅದ್ಕಿಂತ ಗಂಡನ ಮನೇನೆ ವಾಸಿ ಕಣವ್ವ. ಗೌರಿ ಅಬ್ಬಕ್ಕಾದ್ರೂ ಕಳಿಸ್ತಾರೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ, ಕೊನೆಯ ಸಲ ಊರಿಗೆ ಹೋಗಿ ಎಷ್ಟು ತಿಂಗಳಾಯಿತೆಂದು ಬೆರಳು ಮಡಚಿ ಎಣಿಸಿದೆ.

ಹಸುವಿನ ಜೊತೆ ನಾನು ಕೊಂಕಣಿಯಲ್ಲಿ ಮಾತಾಡುತ್ತಿದ್ದೆ. ಮೊದಮೊದಲು ‘ಬಾಯೆ, ಬಾಯೆ’ ಎಂದು ಬೆನ್ನು ಸವರುವುದಷ್ಟೇ. ಹುಡುಗಿಯನ್ನು ನಮ್ಮಲ್ಲಿ ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಬರಬರುತ್ತ ಎಲ್ಲವನ್ನೂ ಹೇಳತೊಡಗಿದೆ: ಅವತ್ತು ಅನ್ನ ತಳ ಹಿಡಿದದ್ದು, ಅಮ್ಮ ಮಾಡುತ್ತಿದ್ದ ಬಂಗುಡೆ ಸಾರು, ನಮ್ಮ ಮನೆಯ ಹಿಂದೆ ಹರಿಯುವ ಸಣ್ಣ ತೋಡು. ಬಾಯಿ ತುಂಬ ನನ್ನ ಭಾಷೆ ಆಡಲು ಆ ಊರಿನಲ್ಲಿ ನನಗೆ ಇದ್ದದ್ದು ಅದೊಂದೇ ಜೀವ. ಒಂದು ದಿನ ಪಕ್ಕದ ಮನೆಯ ಅಮ್ಮ ಬೇಲಿಯ ಹತ್ತಿರ ನಿಂತು ಕೇಳಿಸಿಕೊಂಡದ್ದು ಗೊತ್ತಾಗಿ ನಾಚಿಕೆಯಾಯಿತು.

“ಅದು ಯಾವ ಮಾತು?”

“ನಮ್ಮ ಮನೆ ಮಾತು.”

“ಅಸಕ್ಕೆ ಅರ್ತ ಆಯ್ತದಾ?”

“ಇಲ್ಲ.”

“ಆದ್ರೂವೆ ಕೇಳಿಸ್ಕತದೆ ನೋಡು, ಕಿವಿ ಅಂಗೆ ಇಟ್ಕಂಡೈತೆ,” ಎಂದು ಹೇಳಿ ಹುಲ್ಲಿನ ಹೊರೆ ಎತ್ತಿಕೊಂಡು ಹೋದರು. ಅಂದಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ಬಿಟ್ಟರು.

ಆ ವರ್ಷದ ಕ್ರಿಸ್‌ಮಸ್ಸಿಗೆ ನಾನು ಮತ್ತು ನಗುವ ಸಿಸ್ಟರ್ ಸೇರಿ ಕುಸ್ವಾರ್ ಮಾಡಿದೆವು. ನಮ್ಮ ಕಡೆ ಹಬ್ಬಕ್ಕೆ ಮಾಡಿ ಮನೆಮನೆಗೆ ಹಂಚುವ ಸಿಹಿತಿಂಡಿಗಳು. ತೆಂಗಿನಕಾಯಿ, ಎಳ್ಳು, ಬೆಲ್ಲ ತುಂಬಿ ಕರಿದದ್ದು, ಗುಲಾಬಿ ಅಚ್ಚಿನದ್ದು. ತಟ್ಟೆಗಳಲ್ಲಿ ಜೋಡಿಸಿ, ಮೇಲೆ ಕಾಗದ ಮುಚ್ಚಿ, ನಮ್ಮ ಬೀದಿಯ ಎಲ್ಲ ಮನೆಗೂ ಕೊಟ್ಟು ಬಂದೆವು. ಎಲ್ಲರೂ ತೆಗೆದುಕೊಂಡರು, ಒಳ್ಳೆಯ ಮಾತೇ ಆಡಿದರು. ನಾವಿಬ್ಬರೂ ಹಾಡಿಕೊಂಡೇ ಮನೆಗೆ ಬಂದೆವು.

ಮರುದಿನ ಸಗಣಿ ಹಾಕಲು, ನಮ್ಮ ಬೀದಿಯವರೆಲ್ಲ ಕಸ ಸುರಿಯುವ ತಿಪ್ಪೆಯ ಹತ್ತಿರ ಹೋದೆ. ಬೂದಿಯ ಪಕ್ಕದಲ್ಲಿ ನಮ್ಮ ತಿಂಡಿಗಳು ಬಿದ್ದಿದ್ದವು. ಎಲ್ಲ ಮನೆಯದ್ದೂ ಅಲ್ಲ, ಯಾವ ಮನೆಯದ್ದು ಎಂದೂ ಗೊತ್ತಿಲ್ಲ. ಗುಲಾಬಿ ಅಚ್ಚಿನವು ಮುರಿಯದೆ ಹಾಗೇ ಇದ್ದವು. ಏನು ಹಾಕಿ ಮಾಡಿದ್ದಾರೋ ಎಂಬ ಭಯವಿರಬೇಕು. ನಮ್ಮ ಮನೆಗೂ ಯಾರಾದರೂ ಗೊತ್ತಿಲ್ಲದ ದೇವರ ಪ್ರಸಾದ ತಂದುಕೊಟ್ಟರೆ ಅಮ್ಮ ಕೈಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕುತ್ತಿರಲಿಲ್ಲ. ಇದೆಲ್ಲ ಆಗಲೇ ನನಗೆ ಅರ್ಥವಾಗಿತ್ತು. ಆದರೂ ಬುಟ್ಟಿ ಅಲ್ಲೇ ಇಟ್ಟು, ಸಗಣಿಯನ್ನು ಕೈಯಲ್ಲಿ ತೆಗೆದು ಅವುಗಳ ಮೇಲೆ ಮುಚ್ಚಿದೆ. ನಗುವ ಸಿಸ್ಟರ್ ನೋಡಬಾರದು ಎಂದು.

ಅವಳು ನೋಡಿದ್ದಳು, ನನಗಿಂತ ಮೊದಲೇ. ಅದನ್ನು ಹೇಳಿದ್ದು ಬೇಸಿಗೆಯಲ್ಲಿ, ಹೊರಟುಹೋಗುವ ದಿನ.

ಅವಳು ವ್ರತ ಬಿಟ್ಟು ಹೊರಡುತ್ತಾಳೆ ಎಂದು ಮದರ್‌ಗೆ ಮೊದಲೇ ಗೊತ್ತಿತ್ತು. ನನಗೆ ತಿಳಿದದ್ದು ಅವಳು ಬಣ್ಣದ ಸೀರೆ ಉಟ್ಟು, ಒಂದು ಚೀಲ ಹಿಡಿದು ಕೋಣೆಯಿಂದ ಹೊರಗೆ ಬಂದಾಗ. ಟಾರು ರಸ್ತೆಯವರೆಗೆ ಅವಳ ಜೊತೆ ನಡೆದೆ. ನೀಲಗಿರಿ ಎಲೆ ಕಾಲ ಕೆಳಗೆ ಮುರಿಯುತ್ತಿತ್ತು.

“ಮದುವೆ ಆಗ್ತೀಯಾ?” ಎಂದು ನಾನೇ ಕೇಳಿದೆ.

“ಇಲ್ಲ. ಗೊತ್ತಿಲ್ಲ.” ಅವಳ ದನಿ ಬಹಳ ಸಣ್ಣಗಾಗಿತ್ತು. “ಇಲ್ಲಿ ಪ್ರಾರ್ಥನೆಗೆ ಕೂತ್ರೆ ಆ ಕಡೆ ಯಾರೂ ಇಲ್ಲ ಅನಿಸ್ತದೆ. ಮೊದ್ಲು ಹಾಗಿರ್ಲಿಲ್ಲ. ಮಠದಲ್ಲಿ ಎಲ್ಲರೂ ಹಾಡ್ತಾ ಇದ್ರಲ್ಲ, ಅದನ್ನೇ ನಾನು ದೇವರು ಅಂದ್ಕೊಂಡಿದ್ನೋ ಏನೋ.”

“ಜನ ನಿನ್ನನ್ನ ಎಷ್ಟು ಇಷ್ಟಪಡ್ತಾರೆ.”

“ನಗ್ತೀನಲ್ಲ, ಅದಕ್ಕೆ,” ಎಂದಳು. ತಿಪ್ಪೆಯ ವಿಷಯ ಹೇಳಿದ್ದು ಆಮೇಲೆ. “ನೀನು ಮುಚ್ಚಿದ್ದೂ ನೋಡ್ದೆ. ಅವತ್ತೇ ನಿನ್ನ ಹತ್ರ ಬಂದು ಕೂತು ಅಳ್ಬೇಕಿತ್ತು. ಇಬ್ರೂ ಸುಮ್ನಿದ್ವಿ.”

ಬಸ್ಸು ಬಂತು. ಹತ್ತಿದವಳು ನಾನು ನಿಂತ ಕಡೆಯ ಕಿಟಕಿಯ ಪಕ್ಕ ಕೂರಲಿಲ್ಲ, ಆಚೆ ಬದಿಗೆ ಹೋದಳು. ಅವಳನ್ನು ನಾನು ಮತ್ತೆ ನೋಡಿಲ್ಲ.

ಊರಿನಲ್ಲಿ ಎಲ್ಲರೂ ಕೇಳಿದರು. “ನಗೋ ಸಿಸ್ಟ್ರು ಎಲ್ಲೋದ್ರು?” ಮಕ್ಕಳಂತೂ ದಿನಾ ಕೇಳುತ್ತಿದ್ದವು. ಊರಿಗೆ ಹೋಗಿದ್ದಾರೆ ಎನ್ನುತ್ತಿದ್ದೆ, ಅದು ಸುಳ್ಳೂ ಅಲ್ಲ. ಶಿಶುವಿಹಾರ ನನ್ನ ಪಾಲಿಗೆ ಬಂತು. ನನಗೆ ಅವಳ ಹಾಗೆ ಕುಣಿಯಲು ಬಾರದು, ಕೆಲವು ಮಕ್ಕಳು ಬರುವುದನ್ನು ನಿಲ್ಲಿಸಿದವು. ಸಂಜೆ ಊಟಕ್ಕೆ ಮದರ್ ಒಂದು ತುದಿ, ನಾನು ಒಂದು ತುದಿ. ನಡುವಿನ ಕುರ್ಚಿಯನ್ನು ಇಬ್ಬರೂ ತೆಗೆಯಲಿಲ್ಲ. ಮದರ್ ಒಳ್ಳೆಯವರು, ಆದರೆ ತಮ್ಮ ಮನಸ್ಸನ್ನು ಯಾರಿಗೂ ತೆರೆದವರಲ್ಲ. ಬೇರೆ ಸಿಸ್ಟರನ್ನು ಕಳಿಸುತ್ತೇವೆ ಎನ್ನುತ್ತಲೇ ಮಠದವರು ಒಂದು ವರ್ಷ ಕಳೆದರು. ಆ ವರ್ಷದಷ್ಟು ಒಂಟಿತನ ನನ್ನ ಬದುಕಿನಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಭಾನುವಾರ ಚರ್ಚಿನ ಪೂಜೆಗೆ ವೈಟ್‌ಫೀಲ್ಡಿಗೆ ಹೋದರೆ ಅಲ್ಲಿನ ಹಳೆಯ ಬಂಗಲೆಗಳ ಆಂಗ್ಲೋ ಇಂಡಿಯನ್ ಮುದುಕಿಯರು ಟೋಪಿ ಹಾಕಿಕೊಂಡು ಬಂದು, ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಒಬ್ಬರನ್ನೊಬ್ಬರು ಬಿಟ್ಟು ಹೋಗಲಾರದೆ ಮಾತಾಡುತ್ತಿದ್ದರು. ನಾನೂ ಅಲ್ಲೇ ಬಸ್ಸಿಗೆ ಕಾಯುವವಳಂತೆ ನಿಂತು ಕೇಳುತ್ತಿದ್ದೆ. ಒಂದೊಂದು ಸಲ ಬಸ್ಸನ್ನೇ ಬಿಟ್ಟುಬಿಡುತ್ತಿದ್ದೆ.

ಅಪ್ಪ ತೀರಿಕೊಂಡದ್ದು ಅದೇ ವರ್ಷ, ಅವರೆಕಾಯಿ ಕಾಲದಲ್ಲಿ. ಸುದ್ದಿ ಚರ್ಚಿನ ಫೋನಿಗೆ ಬಂದು, ಅಲ್ಲಿಂದ ಒಬ್ಬರು ಸ್ಕೂಟರಿನಲ್ಲಿ ಬಂದು ಹೇಳಿದರು. ನಾನು ಘಟ್ಟ ಇಳಿದು ಮನೆ ಸೇರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಅಮ್ಮ ನನ್ನನ್ನು ಹಿಡಿದುಕೊಂಡು ಅತ್ತರು. ನಾನು ಅಳಲಿಲ್ಲ. ವ್ರತ ತೊಟ್ಟವಳು, ಸಮಾಧಾನ ಹೇಳಬೇಕಾದವಳು ಎಂದು ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಪ್ರಾರ್ಥನೆ ನಡೆಸಿದೆ, ಬಂದವರಿಗೆ ಚಹಾ ಕೊಟ್ಟೆ, ಕೆಲವು ದಿನ ಇದ್ದು ಹೊರಟು ಬಂದೆ.

ಹಿಂದಿರುಗಿದ ದಿನ ಮಧ್ಯಾಹ್ನ ಕೋಣೆಯಲ್ಲಿ ಕೂತಿದ್ದೆ. ಬಾಗಿಲಲ್ಲಿ ಗದ್ದಲ ಕೇಳಿಸಿತು. ಪಕ್ಕದ ಮನೆಯ ಅಮ್ಮ ಮುಂದೆ, ಹಿಂದೆ ನಮ್ಮ ಬೀದಿಯ ಹೆಂಗಸರು. ನಾನಿಲ್ಲದ ಅಷ್ಟು ದಿನ ಹಸು ಕರೆದು ನಮ್ಮ ಹೆಸರಿಗೆ ಡೇರಿಗೆ ಹಾಲು ಹಾಕಿದ್ದು ಆ ಅಮ್ಮನೇ. ಯಾವತ್ತೂ ಜಗಲಿ ದಾಟಿ ಬರದವರೆಲ್ಲ ಅವತ್ತು ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದರು. ಒಬ್ಬರ ಕೈಯಲ್ಲಿ ಅಕ್ಕಿ, ಒಬ್ಬರ ಕೈಯಲ್ಲಿ ಹಿತಕಿದ ಅವರೆಬೇಳೆ ಸಾರು. ನೆಲದ ಮೇಲೆ ನನ್ನ ಸುತ್ತ ಕೂತರು. ಒಬ್ಬಾಕೆ ಸಣ್ಣಗೆ ರಾಗವಾಗಿ ಅಳತೊಡಗಿದಳು. ತನ್ನ ಅಪ್ಪನನ್ನು ನೆನೆದು ಅಳುತ್ತಿದ್ದಳು ಎಂದು ಮಾತುಗಳಿಂದ ತಿಳಿಯಿತು. ಇನ್ನೊಬ್ಬಾಕೆಯೂ ಸೇರಿಕೊಂಡಳು.

ಪಕ್ಕದ ಮನೆಯ ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟರು. “ನಿಮ್ಮೂರಾಗೆ ಅತ್ಯಾ?”

ಇಲ್ಲ ಎಂದು ತಲೆಯಾಡಿಸಿದೆ.

“ಅಳು ಮಗ. ಇಲ್ಯಾರವ್ರೆ ನೋಡಕ್ಕೆ, ಎಲ್ಲಾ ನಮ್ಮೋರೇ.”

ಆಗ ಅತ್ತೆ. ನನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿ, ಕೊಂಕಣಿಯಲ್ಲಿ ಅಪ್ಪನನ್ನು ಕರೆದು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮದರ್ ಕೂಡ ಹೆಂಗಸರ ನಡುವೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅವರ ಕೆನ್ನೆಯೂ ಒದ್ದೆಯಾಗಿತ್ತು. ಅವರ ತಂದೆತಾಯಿ ಯಾವಾಗ ಹೋದರು, ಅವರು ಊರಿಗೆ ಹೋಗಿದ್ದರೋ ಇಲ್ಲವೋ, ನಾನು ಒಮ್ಮೆಯೂ ಕೇಳಿರಲಿಲ್ಲ. ಅವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಮೌನದ ಹೊತ್ತು ಶುರುವಾಗಿದ್ದರೂ ಅವರು ನಿಧಾನವಾಗಿ, ತಡವರಿಸುತ್ತ ಹೇಳಿದರು. ಅವರಿಗೆ ಹೋಗಲು ಅಪ್ಪಣೆಯೇ ಸಿಕ್ಕಿರಲಿಲ್ಲವಂತೆ.

ಆಮೇಲೆ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸಂಜೆಗಳು ಮೊದಲಿನಂತೆಯೇ ಉದ್ದವಾಗಿದ್ದವು. ಆದರೆ ಹೆಂಗಸರು ಬಂದು ಹೋಗುವುದು ಶುರುವಾಯಿತು. ಅವರ ಮಾತು ನನ್ನ ಬಾಯಿಗೂ ಅಂಟಿತು. ಊರಿಗೆ ಫೋನು ಮಾಡಿದಾಗ ನನ್ನ ಕೊಂಕಣಿಯಲ್ಲೂ ಅದು ನುಸುಳಿ, ಅಮ್ಮ, “ಇದೆಂತ ನಿನ್ನ ಮಾತು ಹೀಗಾಗಿದೆ?” ಎಂದು ಕೇಳುವಷ್ಟು.

ದಶಕದ ಕೊನೆಯ ಹೊತ್ತಿಗೆ ವೈಟ್‌ಫೀಲ್ಡಿನ ಕಡೆ ಗಾಜಿನ ಕಟ್ಟಡಗಳು ಎದ್ದವು, ಜಲ್ಲಿ ಮರಳಿನ ಲಾರಿಗಳು ನಮ್ಮ ತೋಪಿನ ದಾರಿಯಲ್ಲೂ ಓಡಾಡತೊಡಗಿದವು. ಪಕ್ಕದ ಮನೆಯವರ ರಾಗಿ ಹೊಲದ ಒಂದು ಭಾಗ ರಸ್ತೆಗೆ ಹೋಯಿತು, ಉಳಿದದ್ದರಲ್ಲಿ ಸಾಲು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು. ಹುಲ್ಲು ಸಿಗದೆ ಒಂದೊಂದಾಗಿ ಹಸುಗಳು ಊರು ಬಿಟ್ಟವು, ನಮ್ಮದೂ ಹೋಯಿತು. ಗಾರ್ಮೆಂಟ್ಸಿಗೆ ಹೋಗಲು ಈಗ ತಾಯಂದಿರೇ ಹೆಣ್ಣುಮಕ್ಕಳನ್ನು ಹೊಲಿಗೆಗೆ ಕಳಿಸುತ್ತಿದ್ದರು. ನನ್ನ ಕೋಣೆ ತುಂಬಿತ್ತು.

ಆಗಲೇ ನನಗೆ ವರ್ಗವಾಯಿತು, ಉತ್ತರ ಕರ್ನಾಟಕದ ಒಂದು ಪಟ್ಟಣಕ್ಕೆ. ಮದರ್ ಅಲ್ಲೇ ಉಳಿದರು. ನನ್ನ ಬದಲಿಗೆ ಬಂದ ಹುಡುಗಿ ತೀರ ಚಿಕ್ಕವಳು, ಹೊಸದಾಗಿ ವ್ರತ ತೊಟ್ಟವಳು. ಕೋಣೆಯಲ್ಲಿ ಅವಳ ಪೆಟ್ಟಿಗೆ, ನನ್ನ ಪೆಟ್ಟಿಗೆ ಪಕ್ಕಪಕ್ಕದಲ್ಲಿದ್ದವು. ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿದಳು.

“ಸಿಸ್ಟರ್, ಇಲ್ಲಿ ತುಂಬಾ ಒಂಟಿ ಅನಿಸುತ್ತಾ?”

“ಅನಿಸುತ್ತೆ,” ಎಂದೆ.

ನಾನು ಇನ್ನೇನಾದರೂ ಹೇಳುತ್ತೇನೆಂದು ಅವಳು ಕಾದಳು. ಪಕ್ಕದ ಮನೆಯ ಅಮ್ಮನ ಪರಿಚಯ ಮಾಡಿಕೊಡುತ್ತೇನೆ ಬಾ ಎಂದು ಕರೆದುಕೊಂಡು ಹೋದೆ. ಅವರು ಬಾಡಿಗೆ ಕೋಣೆಗಳ ಮುಂದಿನ ಅಂಗಳ ಗುಡಿಸುತ್ತಿದ್ದರು. ಹೊಸಬಳನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟ್ ಸಣ್ ಕೂಸು! ಉಂಡ್ಯೇನವ್ವ?” ಎಂದರು. ಹುಡುಗಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ನಾನು ಅವಳಿಗೆ ಅದನ್ನು ಬಿಡಿಸಿ ಹೇಳಿ, ಏನು ಉತ್ತರ ಕೊಡಬೇಕೆಂದೂ ಹೇಳಿಕೊಟ್ಟೆ.